ಮೂರನೆಯ ಮಗುವಿಗೆ ಜ್ಞಾನತಂದೆ

"ಅಪ್ಪಾ, ಆ ಮಗುವಿನ ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ!"

ಮೊಯೊಬಾಂಬಾ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಫ್ಲೋರ್ಮಿರಾ ಐದು ತಿಂಗಳಿಂದ ರೊಸೆಂದೊನನ್ನು ಮಕ್ಕಳ ಅಪ್ಪನೆಂದುಕೊಂಡು ಹೀಗೇ ಕರೆಯುತ್ತಿದ್ದಳು. ಅವನು ಒಮ್ಮೆಯೂ ಅಲ್ಲ ಎಂದವನಲ್ಲ. ಹಿಡಿ ಎಂದರೆ ಹಿಡಿಯುತ್ತಿದ್ದ, ಎತ್ತು ಎಂದರೆ ಎತ್ತುತ್ತಿದ್ದ.

ಮಕ್ಕಳ ತಾಯಿ ದೆಲ್ಫಿನಾ ಕೂಡ ತಿದ್ದಿರಲಿಲ್ಲ. ಮೊದಲ ತಿಂಗಳು ಮೂರೂ ಮಕ್ಕಳು ಒಟ್ಟಿಗೆ ಅಳುತ್ತಿದ್ದರಿಂದ ಬಾಯಿ ತೆರೆಯಲು ಪುರುಸೊತ್ತಿರಲಿಲ್ಲ. ಎರಡನೆಯ ತಿಂಗಳು ತಿದ್ದಿದರೆ ಮೊದಲ ತಿಂಗಳು ಯಾಕೆ ಸುಮ್ಮನಿದ್ದೆ ಎನ್ನುವ ಪ್ರಶ್ನೆ ಏಳುತ್ತಿತ್ತು. ಆಮೇಲೆ ಅದು ಹಾಗೇ ಉಳಿದುಹೋಯಿತು. ರೊಸೆಂದೊ ಅವಳ ಬೀದಿಯ ಕೊನೆಯ ಮನೆಯವನು, ಮೂರು ಚಕ್ರದ ಮೋಟೊಟ್ಯಾಕ್ಸಿ ಓಡಿಸುವವನು, ಅಷ್ಟೆ. ಮಕ್ಕಳ ನಿಜವಾದ ಅಪ್ಪ ಸ್ಕ್ಯಾನಿಂಗಿನಲ್ಲಿ ಮೂರು ತಲೆ ಕಂಡ ವಾರವೇ ಚಿನ್ನದ ಗಣಿಯ ಕಡೆ ಬಸ್ಸು ಹತ್ತಿದವನು, ಇವತ್ತಿನವರೆಗೆ ಒಂದು ಫೋನೂ ಇಲ್ಲ.

ಇವತ್ತು ಆರನೆಯ ತಿಂಗಳ ತಪಾಸಣೆ. ತೂಕ, ಉದ್ದ, ತಲೆಯ ಸುತ್ತಳತೆ, ಮೇಲೆ ರಕ್ತ ನೋಡಲು ಬೆರಳಿಗೆ ಚುಚ್ಚುವುದು ಬೇರೆ. ನೈರಾ ತಕ್ಕಡಿಯ ಮೇಲೆ ಉಚ್ಚೆ ಹೊಯ್ದಳು. ಡಾರ್ಲಿ ನರ್ಸಿನ ಕನ್ನಡಕ ಕಿತ್ತಳು. ಗಲಾಟೆಯಲ್ಲಿ ಯಾರಿಗೆ ಚುಚ್ಚಿ ಆಯಿತು, ಯಾರಿಗೆ ಇಲ್ಲ ಎಂದೇ ತಿಳಿಯದೆ ಫ್ಲೋರ್ಮಿರಾ ಸೂಜಿ ಹಿಡಿದು ನಿಂತಳು.

"ಇವಳಿಗೆ ಆಯ್ತಾ?"

"ಆಯ್ತು," ಎಂದಳು ದೆಲ್ಫಿನಾ.

"ಇಲ್ಲ, ಆಗಿದ್ದು ನೈರಾಗೆ. ಇವಳು ಡಾರ್ಲಿ," ಎಂದ ರೊಸೆಂದೊ. ಹೆತ್ತವಳು ತಪ್ಪಿದಲ್ಲಿ ಅವನು ತಪ್ಪಿರಲಿಲ್ಲ. ಅವನ ಭುಜದ ಮೇಲೆ ಹಾಲು ಕಕ್ಕಿದ ಬಿಳಿ ಕಲೆ. ಅದನ್ನು ಒರೆಸಿಕೊಳ್ಳಬೇಕೆಂದೂ ಅವನಿಗೆ ಹೊಳೆದಿರಲಿಲ್ಲ. ದೆಲ್ಫಿನಾ ಆ ಕಲೆಯನ್ನೇ ನೋಡುತ್ತಾ ಕುಳಿತಳು, ಅವನು ತಿರುಗಿದಾಗ ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡಿದಳು.

ಇವನೆಂಥ ಮನುಷ್ಯ! ಮೂರು ವಾರದಿಂದ ಅವಳಿಗೆ ಇದೊಂದೇ ಗೊಂದಲ.

ಬರುವ ಭಾನುವಾರ ಮಕ್ಕಳ ಜ್ಞಾನಸ್ನಾನ. ಹುಡುಗಿಯರಿಬ್ಬರಿಗೆ ಚರ್ಚಿನಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವ ಜ್ಞಾನತಂದೆಯರು, ಅಂದರೆ ತಾಯಿಗೆ ಕೊಂಪಾದ್ರೆಗಳು, ಸಿಕ್ಕಿದ್ದರು. ಮೂರನೆಯ ಮಗು ಇಕೆರ್‌ಗೆ ರೊಸೆಂದೊ ಆಗಲಿ ಎಂದು ಅವಳೇ ಕೋಳಿ ಬೇಯಿಸಿ, ಅನ್ನದೊಂದಿಗೆ ಎಲೆಯಲ್ಲಿ ಕಟ್ಟಿ, ತಟ್ಟೆಯಲ್ಲಿಟ್ಟುಕೊಂಡು, ಪದ್ಧತಿಯಂತೆ ಅವನ ಮನೆ ಬಾಗಿಲಿಗೆ ಹೋಗಿ ಕೇಳಿದ್ದಳು. ಯಾರೂ ಇಲ್ಲ ಎನ್ನದ ಮಾತು ಅದು. ಇಲ್ಲ ಎಂದರೆ ದೇವರಿಗೇ ಇಲ್ಲ ಎಂದ ಹಾಗೆ. ಅವನು ಇಲ್ಲ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. "ಯೋಚನೆ ಮಾಡ್ತೀನಿ ಸೆನ್ಯೊರಾ," ಎಂದು ತಟ್ಟೆ ತೊಳೆದು ವಾಪಸು ಕೊಟ್ಟಿದ್ದ.

ಯೋಚನೆಯಂತೆ! ಹಣ್ಣಿನ ಪೆಟ್ಟಿಗೆಗೆ ಸ್ಪಂಜು ಹೊಲಿಸಿ ಗಾಡಿಯಲ್ಲಿ ಮಗುವಿಗೆ ತೊಟ್ಟಿಲು ಮಾಡಲು ಯೋಚನೆ ಬೇಕಾಗಿರಲಿಲ್ಲ. ಇಕೆರ್‌ಗೆ ಜ್ವರ ಬಂದಾಗ ಮಳೆಯಲ್ಲಿ ಔಷಧಿ ಅಂಗಡಿಗೆ ಓಡಲು ಬೇಕಾಗಿರಲಿಲ್ಲ. ಇದಕ್ಕೊಂದಕ್ಕೆ ಬೇಕಾಯಿತೇ?

ಚರ್ಚಿನಲ್ಲಿ ಹೆಸರು ಬರೆಸಲು ಇವತ್ತು ಹನ್ನೆರಡು ಗಂಟೆಯವರೆಗೆ ಮಾತ್ರ ಸಮಯ.

"ಅಮ್ಮಾ, ಹೊಸ ಕಂಪ್ಯೂಟರ್ ಬಂದಿದೆ. ಎಲ್ಲ ವಿವರ ಕೇಳುತ್ತೆ, ಕಳ್ಳ ಮುಂಡೇದು," ಎಂದಳು ಫ್ಲೋರ್ಮಿರಾ ಕೀಲಿಮಣೆ ಕುಟ್ಟುತ್ತಾ. "ಜೊತೆಗೆ ಬಂದವರು, ರೊಸೆಂದೊ ತ್ವಾನಾಮಾ. ಮಕ್ಕಳ ಅಪ್ಪನ ಅಡ್ಡಹೆಸರು ಬೇರೆ ತೋರಿಸ್ತಿದೆಯಲ್ಲ! ಹಾಗಾದ್ರೆ ನೀವು ಮಕ್ಕಳಿಗೆ ಏನಾಗಬೇಕು?"

ತೆರೆದ ಬಾಗಿಲಿನಾಚೆ ಸಾಲಿನಲ್ಲಿ ಕುಳಿತವರು ಇತ್ತ ಕಿವಿಗೊಟ್ಟರು.

"ಜ್ಞಾನತಂದೆ ಅಂತ ಹಾಕಲಾ?"

ದೆಲ್ಫಿನಾ ಅವನ ಮುಖ ನೋಡಿದಳು. ಇಷ್ಟು ಜನರ ಮುಂದೆ ಹೂಂ ಎನ್ನದೆ ಎಲ್ಲಿಗೆ ಹೋಗುತ್ತಾನೆ!

"ಬೇಡ," ಎಂದ ರೊಸೆಂದೊ. "ಅದೊಂದು ಬೇಡ. ಅದು ನಾನು ಯಾವತ್ತೂ ಆಗಲ್ಲ."

ಅವಳ ಕೆನ್ನೆಗೆ ಹೊಡೆದಂತಾಯಿತು. ಕೈಗೆ ಸಿಕ್ಕ ಮಗುವಿಗೆ ಕೈಗೆ ಸಿಕ್ಕ ಅಂಗಿ ತೊಡಿಸಿ, ಇಕೆರ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಹೊರಗೆ ಬಂದಳು. ಸಾಲಿನ ತುದಿಯಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಮುದುಕಿಯೊಬ್ಬಳು ಅವಳ ಸೆರಗಿನಂತಿದ್ದ ಜೋಳಿಗೆ ಬಟ್ಟೆಯನ್ನು ಹಿಡಿದೆಳೆದಳು.

"ಏನೇ ಮಗಳೇ, ಆ ಗಂಡಸು ಜ್ಞಾನತಂದೆ ಆಗಲ್ಲ ಅಂದನಾ?"

"ಕೇಳಿಸ್ತಲ್ಲ ಅಜ್ಜಿ. ಇಡೀ ಊರಿಗೆ ಕೇಳಿಸ್ತು."

ಮುದುಕಿ ಒಳಗೆ ಇಣುಕಿದಳು. ರೊಸೆಂದೊ ಡಾರ್ಲಿಯ ಕಾಲುಚೀಲ ಹುಡುಕುತ್ತಾ ಮೇಜಿನ ಕೆಳಗೆ ಬಗ್ಗಿದ್ದ. ಕಿವಿಗಳೆರಡೂ ಕೆಂಪಾಗಿದ್ದವು. ಅವಳು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು.

"ಕೊಂಪಾದ್ರೆ ಜೊತೆ ಸೇರಿದ ಹೆಂಗಸು ಏನಾಗ್ತಾಳೆ ಗೊತ್ತಲ್ಲ? ಹೇಸರಗತ್ತೆ ಆಗಿ ಕತ್ತಲಲ್ಲಿ ಊರು ಸುತ್ತುತ್ತಾಳೆ. ನಮ್ಮಜ್ಜಿ ಕಣ್ಣಾರೆ ನೋಡಿದ್ದಾಳೆ."

"ಅದನ್ನ ನನಗ್ಯಾಕೆ ಹೇಳ್ತೀರಿ? ನಾನೇನು ಮಾಡ್ದೆ?"

"ನೀನೇನೂ ಮಾಡಿಲ್ಲ ಕಣೇ. ಅದೇ ತೊಂದರೆ!"

ದೆಲ್ಫಿನಾಗೆ ಏನೊಂದೂ ಅರ್ಥವಾಗಲಿಲ್ಲ. ಒಬ್ಬ ಬೇಡ ಎನ್ನುತ್ತಾನೆ, ಇನ್ನೊಬ್ಬಳು ಕತ್ತೆಯ ಕತೆ ಹೇಳುತ್ತಾಳೆ. ರಾತ್ರಿಗೆ ಮೂರು ಗಂಟೆ ನಿದ್ದೆ ಮಾಡುವವಳ ತಲೆಗೆ ಇಷ್ಟೆಲ್ಲ ಹಿಡಿಸುವುದಿಲ್ಲ.

ಗಾಡಿಯ ಬಳಿ ಅವನು ಎರಡು ಮಕ್ಕಳೊಂದಿಗೆ ಬಂದು ನಿಂತ.

"ಮುಂದಿನ ತಿಂಗಳಿಂದ ಬರಬೇಡಿ ದೋನ್ ರೊಸೆಂದೊ," ಎಂದಳು. ಕೋಪ ಬಂದಾಗ ಮಾತ್ರ ಅವಳು ಆ ಗೌರವದ 'ದೋನ್' ಸೇರಿಸುವುದು. "ಬೇರೆ ಗಾಡಿ ಮಾಡ್ಕೊಳ್ತೀನಿ."

"ಯಾಕೆ?"

"ಯಾಕೆ ಅಂತ ನೀವು ಕೇಳ್ತೀರಾ? ನಾನು ಯಾಕೆ ನಿಮ್ಮ ಬಾಗಿಲಿಗೆ ಬಂದೆ ಗೊತ್ತಾ? ಕೊಂಪಾದ್ರೆ ಆದವನು ಸಾಯೋವರೆಗೂ ಬಿಟ್ಟು ಹೋಗೋ ಹಾಗಿಲ್ಲ. ಒಬ್ಬ ಹೋದ. ಇನ್ನೊಬ್ಬರಾದ್ರೂ ಹೋಗದ ಹಾಗೆ ಕಟ್ಟಿ ಹಾಕೋಣ ಅಂತ ಬಂದೆ. ಸಾಕಾ? ಮಕ್ಕಳನ್ನ ಎತ್ತೋಕೆ ಆಗುತ್ತೆ, ಸಂಬಂಧ ಬೇಡ. ಅಷ್ಟೇ ತಾನೆ?"

"ಸಂಬಂಧ ಬೇಡ ಅಂತ ಯಾರು ಹೇಳಿದ್ದು?" ಅವನೂ ದನಿ ಏರಿಸಿದ. ಡಾರ್ಲಿ ಅಳತೊಡಗಿದಳು. ಅವನು ಅವಳನ್ನು ತೂಗುತ್ತಲೇ ದನಿ ಇಳಿಸಿದ. "ಕೊಂಪಾದ್ರೆ ಅಂದ್ರೆ ಅಣ್ಣನ ಹಾಗೆ. ಒಂದ್ಸಲ ಪಾದ್ರಿ ಮುಂದೆ ಮೇಣದಬತ್ತಿ ಹಿಡಿದು ನಿಂತರೆ ಮುಗೀತು. ಆಮೇಲೆ ನಿಮ್ಮನ್ನ ಬೇರೆ ಥರ ನೋಡೋದೇ ಪಾಪ. ಮೂರು ವಾರದಿಂದ ಮಲಗಿದಲ್ಲಿ ಅದೇ ಯೋಚನೆ. ಹೂಂ ಅಂದ್ರೆ ನೀವು ಕೈ ತಪ್ತೀರಿ, ಇಲ್ಲ ಅಂದ್ರೆ ಮುಖ ತಿರುಗಿಸ್ತೀರಿ."

"ಬೇರೆ ಥರ ಅಂದ್ರೆ?"

"ಈಗ ನೋಡ್ತಿದ್ದೀನಲ್ಲ, ಈ ಥರ."

ದೆಲ್ಫಿನಾಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತನ್ನ ರವಿಕೆಯ ಮೇಲೆ ಹಾಲು ಒಸರಿ ಒಣಗಿದ ಎರಡು ಗುರುತು, ಬೆಳಿಗ್ಗೆಯಿಂದ ಬಾಚದ ತಲೆ, ಬಲಗಾಲಿನದೊಂದು ಚಪ್ಪಲಿ, ಎಡಗಾಲಿನದು ಬೇರೊಂದು ಜೊತೆಯದು. ಇದನ್ನು ನೋಡಿಯೇ?

"ನಿಮಗೆ ತಲೆ ಸರಿ ಇದೆಯಾ?"

"ಇತ್ತು. ಮೊದಲನೇ ತಪಾಸಣೆಗೆ ಕರ್ಕೊಂಡು ಬಂದಾಗ ನೀವು ಗಾಡಿಯಲ್ಲಿ ನಿದ್ದೆ ಹೋಗಿಬಿಟ್ರಿ. ನಿದ್ದೇಲೂ ಎರಡೇ ಕೈಲಿ ಮೂರೂ ಮಕ್ಕಳನ್ನ ಹಿಡ್ಕೊಂಡಿದ್ರಿ. ಎಬ್ಬಿಸೋಕೆ ಮನಸ್ಸಾಗದೆ ನದಿ ಸೇತುವೆವರೆಗೆ ಮೂರು ಸುತ್ತು ಹೊಡೆದೆ. ಅವತ್ತಿಂದ ಸರಿ ಇಲ್ಲ."

ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದು ಮೊದಲು ಎಂದು ತಿಳಿಯದೆ ಮೂಗು ಒರೆಸಿಕೊಂಡಳು.

"ರೊಸೆಂದೊ, ನಿಜ ಹೇಳಲಾ? ನೀವು ಬರೋ ಸದ್ದು ಕೇಳಿದ್ರೆ ಎದೆ ಹಗುರ ಆಗುತ್ತೆ. ಅದು ನಿಮಗಾಗಿಯೋ, ಇಲ್ಲ ಇನ್ನೆರಡು ಕೈ ಬಂತಲ್ಲ ಅಂತಲೋ, ನನಗೇ ಗೊತ್ತಿಲ್ಲ. ಅಷ್ಟು ದಣಿದಿದ್ದೀನಿ. ಗೊತ್ತಿಲ್ಲದೆ ಹೂಂ ಅಂದ್ರೆ ಮೋಸ ಆಗುತ್ತೆ."

"ದಣಿವು ಆರಿದ ಮೇಲೆ ಹೇಳಿ."

"ಅದು ಯಾವಾಗ ಆರುತ್ತೋ!"

"ಅಲ್ಲೀವರೆಗೆ ಎರಡು ಕೈ ಅಂತಲೇ ಇಟ್ಕೊಳ್ಳಿ. ನನಗೇನೂ ಬೇಜಾರಿಲ್ಲ."

ಅವನು ಮಕ್ಕಳನ್ನು ಮಲಗಿಸಿ ಗಾಡಿ ಶುರು ಮಾಡಿದ. ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ತಿರುವಿನಲ್ಲಿ ಮಕ್ಕಳು ಅಲುಗದಿರಲೆಂದು ಅವನು ಎಷ್ಟು ನಿಧಾನ ಮಾಡುತ್ತಾನೆಂದು ಅವಳು ಇವತ್ತೇ ಗಮನಿಸಿದಳು. ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಈಗ ಮಕ್ಕಳನ್ನು ಹಿಡಿಯಲು ಅವಳ ಕೈಗಳೇ ಸಾಕಾಗಿದ್ದವು. ಆದರೂ ಕಣ್ಣು ಆ ಬೆನ್ನನ್ನು ಬಿಟ್ಟು ಬರಲಿಲ್ಲ. ಇದಕ್ಕೆ ದಣಿವು ಎನ್ನುತ್ತಾರೆಯೇ?

ಚರ್ಚಿನ ಕಚೇರಿಯ ಗಡಿಯಾರದಲ್ಲಿ ಹನ್ನೆರಡಕ್ಕೆ ಆರು ನಿಮಿಷ. ಇಕೆರ್‌ನನ್ನು ಬೆನ್ನ ಮೇಲೆ ಹೊತ್ತು ಅವಳೊಬ್ಬಳೇ ಒಳಗೆ ಹೋದಳು. ಗುಮಾಸ್ತೆ ಒಲಿಂಪಿಯಾ ಪುಸ್ತಕ ಮುಚ್ಚುವುದರಲ್ಲಿದ್ದಳು.

"ಹುಡುಗನಿಗೆ ಯಾರು? ರೊಸೆಂದೊ ತ್ವಾನಾಮಾ ಅಂತ ಪೆನ್ಸಿಲಲ್ಲಿ ಬರೆದಿಟ್ಟಿದ್ದೆ."

"ಅದನ್ನ ಅಳಿಸಿ. ನಮ್ಮಣ್ಣ ತಾದೆಯೊ ಅಂತ ಬರೀರಿ."

ಒಲಿಂಪಿಯಾ ತಲೆ ಎತ್ತಿದಳು. "ಅವನು ಆಗಲ್ಲ ಅಂದನಾ? ಮಗುವಿಗೆ ಬೇಡ ಅಂದವನ ಮುಖ ಭಾನುವಾರ ಎಲ್ಲರೂ ನೋಡ್ಲಿ!"

"ಅವನನ್ನ ಏನೂ ಅನ್ನಬೇಡಿ. ಬೇಡ ಅಂದಿದ್ದು ನಾನು."

"ನೀನಾ? ಅಷ್ಟು ಒಳ್ಳೆ ಮನುಷ್ಯನನ್ನ ಯಾಕೆ ಬೇಡ ಅಂದೆ?"

ದೆಲ್ಫಿನಾ ಕಿಟಕಿಯತ್ತ ನೋಡಿದಳು. ಹೊರಗೆ ಬಿಸಿಲಲ್ಲಿ ರೊಸೆಂದೊ ಎರಡೂ ತೋಳಲ್ಲಿ ಎರಡು ಮಕ್ಕಳನ್ನು ಹೊತ್ತು, ಇಬ್ಬರ ತಲೆಗೂ ನೆರಳಾಗುವಂತೆ ಬೆನ್ನು ಬಗ್ಗಿಸಿ, ಕಲ್ಲಿನಂತೆ ನಿಂತಿದ್ದ. ಬಾಗಿಲತ್ತ ನೋಡಲು ಅವನಿಗೆ ಧೈರ್ಯವಿರಲಿಲ್ಲ.

"ಒಳ್ಳೆಯವನು ಅಂತಲೇ," ಎಂದಳು.

ಒಲಿಂಪಿಯಾ ಎದ್ದು ಬಂದು ಕಿಟಕಿಯಲ್ಲಿ ಇಣುಕಿದಳು. ಅವನನ್ನು ನೋಡಿದಳು, ಇವಳ ಮುಖ ನೋಡಿದಳು, ರಬ್ಬರ್ ತೆಗೆದುಕೊಂಡು ಆ ಹೆಸರನ್ನು ನಿಧಾನವಾಗಿ ಅಳಿಸಿದಳು.

"ಅವನಿಗೆ ಗೊತ್ತಾ?"

"ಇನ್ನೂ ಇಲ್ಲ," ಎಂದಳು ದೆಲ್ಫಿನಾ, ಬೆನ್ನಿನ ಗಂಟು ಬಿಗಿ ಮಾಡಿಕೊಳ್ಳುತ್ತಾ. "ಈಗ ಹೋಗಿ ಹೇಳ್ತೀನಿ."