ಕತ್ತಲಗೆರೆಯ ನಲವತ್ತು ಅಂಗೈಗಳು

"ನಿಲ್ಸ್ರೀ... ಆ ಬ್ರಷ್ ಕೆಳಗಿಡ್ರಿ ಮೊದ್ಲು."

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಸಂಘಮಿತ್ರಾ ಇಳಿದಿದ್ದಳು. ಅವಳ ದನಿಗೆ ಕತ್ತಲಗೆರೆಯ ಕಾಗೆಗಳೆಲ್ಲ ಎದ್ದು ಚನ್ನಗಿರಿಗೆ ಹೋಗಿ ಕೂತವು.

ಬಸ್‌ಸ್ಟಾಪಿನೊಳಗೆ ಸುಣ್ಣದ ಬಕೆಟ್ ಹಿಡಿದಿದ್ದವನು ತಿರುಗಿ ನೋಡಿದ. ತೆಂಗಿನ ಮರದಷ್ಟು ಎತ್ತರದ ಆಳು, ಮೂಗಿನ ತುದಿಗೂ ಸುಣ್ಣ. ಅವನ ಹಿಂದಿನ ಗೋಡೆ ಬೆಳ್ಳಗಿತ್ತು.

"ಯಾಕ್ರಿ, ಏನಾತು?"

"ಇಲ್ಲಿ ಕೆಂಪಗೆ ಇತ್ತಲ್ಲ, ಅದೆಲ್ಲಿ ಹೋತು?"

"ಓ ಅದಾ? ಎಲೆಅಡಿಕೆ ಉಗುಳು. ಎಂಥ ಜನಾನೋ ಏನೋ, ಗೋಡೆ ತುಂಬ ಉಗುಳಿದ್ರು. ಮೂರು ಕೋಟು ಬಳದೀನಿ, ಇನ್ನು ಕಾಣಲ್ಲ ಬಿಡ್ರಿ."

ಉಗುಳಂತೆ... ನನ್ನ ಹದಿನೆಂಟು ದಿನ... ನನ್ನ ಎರಡು ವರ್ಷದ ಓದು...

"ಅದು ನನ್ನ ಪರೀಕ್ಷೆ ಕಣ್ರಿ." ಕಣ್ಣಲ್ಲಿ ನೀರು ಬಂದದ್ದು ಕಾಣಬಾರದೆಂದು ಇನ್ನಷ್ಟು ಗದರಿದಳು. "ನೀವು ನನ್ನ ಪರೀಕ್ಷೆ ಪೇಪರಿಗೆ ಸುಣ್ಣ ಬಳದೀರಿ."

ಜಗಳೂರಿನ ಹುಡುಗಿ ಸಂಘಮಿತ್ರಾ ದಾವಣಗೆರೆಯಲ್ಲಿ ದೃಶ್ಯಕಲೆಯ ಎಂ.ವಿ.ಎ. ಕೊನೆಯ ವರ್ಷ ಓದುತ್ತಿದ್ದಳು. ವಿಷಯ, ಸಾರ್ವಜನಿಕ ಕಲೆ. ಅಂದರೆ ಚೌಕಟ್ಟು ಹಾಕಿ ಸಾಹುಕಾರರ ಪಡಸಾಲೆಯಲ್ಲಿ ತೂಗುಹಾಕುವ ಚಿತ್ರವಲ್ಲ. ಜನ ಓಡಾಡುವ ಜಾಗದಲ್ಲಿ, ಜನರನ್ನು ಕೇಳಿ, ಜನರನ್ನೇ ಸೇರಿಸಿಕೊಂಡು ಮಾಡುವ ಕೆಲಸ.

ಅಡಿಕೆ ಸುಲಿಯಲು ಹೋಗುವ ಹೆಂಗಸರು ದಿನಾ ಬೆಳಿಗ್ಗೆ ಇದೇ ಬಸ್‌ಸ್ಟಾಪಿನಲ್ಲಿ ಟೆಂಪೋ ಕಾಯುತ್ತಾರೆ. ಅಡಿಕೆ ಬೇಯಿಸಿದ ನೀರು ಬತ್ತಿ ಉಳಿಯುವ ಕಡುಗೆಂಪು ರಸ, ಅದೇ ಚೊಗರು, ಅದರಲ್ಲಿ ನಲವತ್ತು ಹೆಂಗಸರ ಅಂಗೈ ಅದ್ದಿಸಿ ಈ ಗೋಡೆಗೆ ಒತ್ತಿಸಿದ್ದಳು. ಹತ್ತಿರ ನಿಂತರೆ ಬರೀ ಕೆಂಪು ಕಲೆ. ರಸ್ತೆ ದಾಟಿ ನಿಂತು ನೋಡಿದರೆ ನಲವತ್ತು ಕೈ ಒಟ್ಟಿಗೆ ಎದ್ದಂತೆ.

ಪರೀಕ್ಷಕರು ಬರುವುದು ಶುಕ್ರವಾರ. ಇವತ್ತು ಮಂಗಳವಾರ. ಶುಕ್ರವಾರ ಗೋಡೆಯಿಲ್ಲದಿದ್ದರೆ ಪದವಿಯೂ ಇಲ್ಲ. ಇನ್ನೊಂದು ವರ್ಷ ಓದಲು ಮನೆಯಲ್ಲಿ ಬಿಡುವುದಿಲ್ಲ.

ಸುಣ್ಣದವನ ಹೆಸರು ದುರುಗೇಶ್. ಅಂಗಡಿ ಬೋರ್ಡು ಬರೆಯುವ ಪೇಂಟರ್.

"ನಾನು ಊರಾಗೇ ಇರ್ಲಿಲ್ಲ ರೀ. ಇಪ್ಪತ್ತು ದಿನದಿಂದ ನ್ಯಾಮತೀಲಿ ಬೋರ್ಡು ಬರೀತಿದ್ದೆ. ಬಂದ ತಕ್ಷಣ ಮೇಸ್ತ್ರಿ ಗೋಣೆಪ್ಪ ಉಗುಳೆಲ್ಲ ಮುಚ್ಚು ಅಂದ. ಬೆಳಕು ಹರಿಯೋ ಮುಂಚೆ ಶುರು ಮಾಡ್ದೆ..."

"ಮುಚ್ಚೋ ಮುಂಚೆ ಯಾರನ್ನಾದ್ರೂ ಕೇಳ್ಬೇಕು ಅನಿಸ್ಲಿಲ್ವಾ?"

"ಉಗುಳಿಗೆ ಯಾರನ್ನ ಕೇಳಾದ್ರಿ?"

ಸಂಘಮಿತ್ರಾ ಮೊಬೈಲು ತೆಗೆದು ಗೋಡೆಯ ಫೋಟೋ ಅವನ ಮುಖಕ್ಕೆ ಹಿಡಿದಳು. ದುರುಗೇಶ್ ನೋಡಿದ. ಎರಡು ಬೆರಳಿನಿಂದ ದೊಡ್ಡದು ಮಾಡಿ ಮತ್ತೆ ನೋಡಿದ. ಒಂದು ಅಂಗೈಗೆ ಕಿರುಬೆರಳಿರಲಿಲ್ಲ.

"ಇದು ನಮ್ಮವ್ವನ ಕೈ," ಎಂದ. "ಓಬವ್ವ ಅಂತ. ಅಡಿಕೆ ಕತ್ತಿಗೆ ಬೆರಳು ಹೋಗಿ ಒಂಬತ್ತು ವರ್ಷ ಆತು."

ಹೆತ್ತ ತಾಯಿಯ ಕೈಯನ್ನೇ ಉಗುಳು ಅಂದುಕೊಂಡು ಮೂರು ಕೋಟು ಬಳಿದಿದ್ದ. ಅವನ ಮುಖ ಗೋಡೆಗಿಂತ ಬಿಳಿಯಾಯಿತು.

ಅವಳ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಳಿಯದಂತೆ ಗಟ್ಟಿಯಾಗಿ ಹಿಡಿದುಕೊಂಡಳು.

"ಈ ಫೋಟೋ ನಂಗೆ ಕಳಿಸ್ತೀರಾ?"

ಪಾಪ, ತಾಯಿಯ ಕೈ ಅಲ್ಲವೇ... ಎಂದುಕೊಂಡು ಕಳಿಸಿದಳು.

ದಾವಣಗೆರೆಯಲ್ಲಿ ಅವಳ ಗೈಡ್, "ತಾರೀಕು ಬದಲಾಗಲ್ಲಮ್ಮ. ಫೋಟೋ ತೋರಿಸು, ನಡೆದದ್ದು ಹೇಳು," ಎಂದುಬಿಟ್ಟರು.

ಎರಡು ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಸ್ಟೆಲ್ಲಿನ ವರಾಂಡದಲ್ಲಿ ಅವಳು ನಡೆದದ್ದನ್ನು ಅಳೆದಿದ್ದರೆ ಜಗಳೂರು ಮುಟ್ಟಿ ವಾಪಸ್ಸೂ ಬಂದಿರುತ್ತಿದ್ದಳು. ನಡುನಡುವೆ ಮೊಬೈಲು ನೋಡುವುದು ಬೇರೆ.

ಅವನು ಒಂದು ಮೆಸೇಜೂ ಹಾಕಿಲ್ಲ... ಹಾಕಲಿ ಅಂತ ನಾನ್ಯಾಕೆ ಕಾಯ್ತಿದೀನಿ? ಗೋಡೆ ಹೋಗಿದೆ, ಪರೀಕ್ಷೆ ಹೋಗ್ತಿದೆ, ನನಗೆ ಆ ಸುಣ್ಣದ ಮೂಗು ಯಾಕೆ ನೆನಪಾಗಬೇಕು?

ಶುಕ್ರವಾರ ಮುಂಜಾನೆ ಕತ್ತಲಗೆರೆಯಲ್ಲಿ ಇಳಿದವಳು ರಸ್ತೆಯಲ್ಲೇ ನಿಂತುಬಿಟ್ಟಳು.

ಗೋಡೆಯ ಮೇಲೆ ನಲವತ್ತು ಕೈ. ಎನಾಮಲ್ ಬಣ್ಣದಲ್ಲಿ, ಒಂದೊಂದು ರೇಖೆಯೂ ಬಿಡದೆ, ಮುಟ್ಟಿದರೆ ಬೆಚ್ಚಗಿರಬಹುದು ಅನ್ನುವ ಹಾಗೆ ಬರೆದಿದ್ದ. ಓಬವ್ವನ ನಾಲ್ಕು ಬೆರಳೂ ಅಲ್ಲಿದ್ದವು. ಸಂಘಮಿತ್ರಾಳ ಎದೆ ಹಕ್ಕಿಯಂತೆ ಹಾರಿತು.

ಆಮೇಲೆ ಬಲಗಡೆಯ ಮೂಲೆ ಕಂಡಿತು. 'ದುರುಗೇಶ್ ಆರ್ಟ್ಸ್, ಕತ್ತಲಗೆರೆ.' ಅದರ ಕೆಳಗೆ ಫೋನ್ ನಂಬರು.

ಬಣ್ಣದ ಕೈ ಒರೆಸಿಕೊಳ್ಳುತ್ತ ದುರುಗೇಶ್ ನಗುತ್ತ ಬಂದ. "ಹೆಂಗೈತೆ?"

"ನನ್ನ ಕೆಲಸಕ್ಕೆ ನಿಮ್ಮ ಹೆಸರಾ?"

ಅವನು ಮೂಲೆ ನೋಡಿದ. ಮೊದಲ ಸಲ ನೋಡುವವನ ಹಾಗೆ ನೋಡಿದ. "ಅದು... ಕೈ ತಾನೇ ಬರೀತು ಕಣ್ರಿ. ಗೋಡೆ ಮುಗಿದ್ರೆ ಹೆಸ್ರು ಬರೆದೇ ಬಿಡ್ತೈತೆ..."

"ಮುಚ್ಚಾಕೂ ಕೇಳ್ಲಿಲ್ಲ, ಬರಿಯಾಕೂ ಕೇಳ್ಲಿಲ್ಲ. ಫೋಟೋ ಇಸ್ಕೊಂಡಿದ್ದು ಇದಕ್ಕಾ?" "ನಾನು ನಿಮ್ಮನ್ನ ನಂಬಿದ್ದೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಕಾರು ಬಂದು ನಿಂತಿತು. ಪರೀಕ್ಷಕಿ ದುರ್ಗಾಂಬಿಕಾ ಮೇಡಂ ಇಳಿದರು. ಗೋಡೆ ನೋಡಿದರು, ಮೂಲೆಯ ಹೆಸರು ಓದಿದರು, ಹುಡುಗಿಯ ಕಡೆ ತಿರುಗಿದರು.

"ಇದು ನಿಮ್ಮ ಕೆಲಸಾನಾ?"

ಹೂಂ ಅಂದುಬಿಡು... ಪೇಂಟರ್ ಕೈಲಿ ಬರೆಸಿದೆ ಅನ್ನು... ಪಾಸಾಗ್ತೀಯ...

"ಅಲ್ಲ ಮೇಡಂ. ಇದು ಕೈಗಳ ಚಿತ್ರ. ನಾನು ಮಾಡಿಸಿದ್ದು ಅವರದೇ ಕೈ. ಅವು ಇದರಡಿ, ಸುಣ್ಣದ ಕೆಳಗಿವೆ."

ಮೇಡಂ ಗಡಿಯಾರ ನೋಡಿಕೊಂಡರು. "ಹೊನ್ನಾಳಿಯಲ್ಲಿ ಇನ್ನೊಬ್ಬರ ಕೆಲಸ ನೋಡಬೇಕು. ನಾಲ್ಕು ಗಂಟೆಗೆ ಇದೇ ದಾರಿಯಲ್ಲಿ ವಾಪಸ್ ಬರ್ತೀನಿ. ಆಗ ಗೋಡೆಯಲ್ಲಿ ಏನಿರುತ್ತೋ ಅದಕ್ಕೇ ಮಾರ್ಕ್ಸು."

ಕಾರು ಹೋಯಿತು. ಟೆಂಪೋ ಕಾಯುತ್ತಿದ್ದ ಹೆಂಗಸರ ಗುಂಪಿನಿಂದ ಓಬವ್ವ ಎದ್ದು ಬಂದಳು.

"ಅವನ ಹೆಸ್ರಿನ ಚಾಳಿಗೆ ಸಿಟ್ಟಾಗಬ್ಯಾಡ ಮಗಳೇ. ನಮ್ಮನೆ ಹಿಟ್ಟಿನ ಡಬ್ಬಿ ಮ್ಯಾಲೂ ಫೋನ್ ನಂಬರ್ ಬರದಾನೆ. ಎಮ್ಮೆ ಅಲ್ಲಾಡದೆ ನಿಂತಿದ್ರೆ ಅದ್ರ ಮ್ಯಾಲೂ ಬರೀತಿದ್ದ."

"ಅವ್ವಾ, ಸುಮ್ಕಿರು," ಎಂದ ದುರುಗೇಶ್.

"ನೀ ಸುಮ್ಕಿರು. ಆ ಹುಡುಗಿ ಗೋಡೆ ಆ ಹುಡುಗೀಗೆ ಕೊಡ್ಬೇಕು ಅಂತ ನೀ ಎರಡು ದಿನ ಉಣ್ಣದೆ ಕುಂತಿದ್ದೆ. ಅದನ್ನ ಹೇಳಾಕೆ ಬಾಯಿಲ್ಲ, ಫೋನ್ ನಂಬರ್ ಮಾತ್ರ ಹಾಕ್ತೀಯ."

ದುರುಗೇಶ್ ಬ್ಲೇಡು ತೆಗೆದುಕೊಂಡು ಗೋಡೆ ಕೆರೆಯತೊಡಗಿದ. ಹಸಿ ಸುಣ್ಣದ ಮೇಲಿನ ಎನಾಮಲ್ ಹಪ್ಪಳದಂತೆ ಎದ್ದು ಬಂತು. ಅವನು ಜನ್ಮದಲ್ಲಿ ಬರೆದ ಅತಿ ಚೆಂದದ ಗೋಡೆ ಅದು.

ಸಂಘಮಿತ್ರಾಳಿಗೆ ತಡೆಯಲಾಗಲಿಲ್ಲ. "ನಿಲ್ಸ್ರೀ... ಅಷ್ಟು ಚೆನ್ನಾಗೈತೆ ಅದು."

"ಚೆನ್ನಾಗೈತೆ. ಆದ್ರೆ ಅವ್ವಂದಲ್ಲ," ಎಂದ, ಕೆರೆಯುವುದನ್ನು ನಿಲ್ಲಿಸದೆ.

ಆಗ ಅವಳಲ್ಲಿ ಉಳಿದಿದ್ದ ಆ ಅರ್ಧ ಸಿಟ್ಟೂ ಎಲ್ಲಿಗೋ ಹೊರಟುಹೋಯಿತು. ಅವಳೂ ಒಂದು ಬ್ಲೇಡು ಹಿಡಿದಳು.

ಹೆಂಗಸರು ಟೆಂಪೋ ವಾಪಸ್ ಕಳಿಸಿದರು. ಮಹೇಶ್ವರಪ್ಪನವರ ಅಡಿಕೆ ಬೇಯಿಸುವ ಮನೆಯಿಂದ ಚೊಗರು ಬಂತು. ದುರುಗೇಶ್ ಸುಣ್ಣ ಬಳಿದು ಸರಿದಂತೆ ಒಬ್ಬೊಬ್ಬರೇ ಬಂದು ಹಸಿ ಗೋಡೆಗೆ ಕೈ ಒತ್ತಿದರು. ಮೊದಲ ಸಲ ನಾಚಿಕೊಂಡು ಒತ್ತಿದವರು ಈ ಸಲ ಗೋಡೆ ಬಿದ್ದೇ ಹೋಗುವಂತೆ ಒತ್ತಿದರು.

"ನಿಧಾನ ಅಕ್ಕಾ," ಎಂದಳು ಸಂಘಮಿತ್ರಾ, ಎಲ್ಲರಿಗಿಂತ ಜೋರಾಗಿ ಒತ್ತುತ್ತಿದ್ದ ಹನುಮಂತಮ್ಮನಿಗೆ.

"ಈ ಸಲ ಯಾರು ಅಳಿಸ್ತಾರೋ ನೋಡಾನು."

ಎಲ್ಲರೂ ದುರುಗೇಶನ ಕಡೆ ನೋಡಿ ನಕ್ಕರು. ಅವನು ತಲೆ ತಗ್ಗಿಸಿಕೊಂಡು ಚೊಗರಿನ ಬೋಗುಣಿ ಹಿಡಿದ. ಅದನ್ನು ಇಸ್ಕೊಳ್ಳುವಾಗ ಸಂಘಮಿತ್ರಾಳ ಬೆರಳು ಅವನ ಬೆರಳಿಗೆ ತಗುಲಿತು. ಇಬ್ಬರಿಗೂ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನುವುದು ಸ್ವಲ್ಪ ತಡವಾಗಿ ಹೊಳೆಯಿತು.

ನಾಲ್ಕಕ್ಕೆ ಮೇಡಂ ಬಂದರು. ಸಂಘಮಿತ್ರಾಳನ್ನು ಏನೂ ಕೇಳಲಿಲ್ಲ. ರಸ್ತೆಯ ಆಚೆ ನಿಂತು ಓಬವ್ವನನ್ನು ಕೇಳಿದರು.

"ಇದರಲ್ಲಿ ನಿಮ್ಮದು ಯಾವುದು?"

"ಅಗಾ, ನಾಲ್ಕು ಬೆರಳಿಂದು. ಪಕ್ಕದ್ದು ನಮ್ಮ ಹನುಮಂತಮ್ಮಂದು. ಟೆಂಪೋದಾಗೂ ನನ್ನ ನೂಕ್ತಾಳೆ, ಗೋಡೆ ಮ್ಯಾಲೂ ನೂಕ್ಯಾಳೆ."

ಮೇಡಂ ಜೋರಾಗಿ ನಕ್ಕುಬಿಟ್ಟರು. ಹಾಳೆಯಲ್ಲಿ ಏನೋ ಬರೆದು ಮಡಿಚಿದರು. "ನಾನು ಕೇಳಬೇಕಾದ್ದು ಏನೂ ಉಳಿದಿಲ್ಲ, ಸಂಘಮಿತ್ರಾ. ನೀವು ಪಾಸು. ಮೊದಲು ಊಟ ಮಾಡಿ."

ಹೆಂಗಸರೆಲ್ಲ ಮನೆ ಸೇರಿದರು. ಬಸ್‌ಸ್ಟಾಪಿನಲ್ಲಿ ಇಬ್ಬರೇ ಉಳಿದರು. ಪದವಿ ಕೈಗೆ ಸಿಕ್ಕಿತ್ತು, ಆದರೂ ಅವಳ ಜೀವಕ್ಕೆ ನೆಮ್ಮದಿಯಿಲ್ಲ.

ನಾಳೆಯಿಂದ ಈ ಊರಿಗೆ ಬರಲು ನನಗೇನು ಕಾರಣ...

"ಒಂದು ಕೇಳ್ಲಾ?" ಎಂದ ದುರುಗೇಶ್.

"ಕೇಳ್ರಿ."

"ಎರಡು ಸಲ ನಿಮ್ಮನ್ನ ಕೇಳ್ದೆ ಕೆಲಸ ಕೆಡಿಸ್ದೆ. ಅದಕ್ಕೇ ಈ ಸಲ ಮೊದ್ಲು ಕೇಳ್ತಿದೀನಿ. ನಾನು ನಿಮ್ಮನ್ನ ಇಷ್ಟಪಡಬಹುದಾ?"

ಅವಳ ಎದೆ ಬಡಿದ ಸದ್ದು ದೂರದ ಗೋವಿನಕೋವಿ ಊರಿನವರೆಗೆ ಕೇಳಿರಬೇಕು. ಆದರೂ ಮುಖ ಬಿಗಿ ಮಾಡಿಕೊಂಡು ಕೇಳಿದಳು, "ಇನ್ನೂ ಶುರು ಮಾಡಿಲ್ವಾ?"

"ಅದು... ಮಂಗಳವಾರಾನೇ ಶುರುವಾಗೈತೆ."

"ಹಂಗಾದ್ರೆ ಇದನ್ನೂ ಕೇಳ್ದೇನೇ ಮಾಡೀರಿ."

ಅವನು ಕುಸಿದು ಕಲ್ಲಿನ ಬೆಂಚಿನ ಮೇಲೆ ಕೂತ. ದೂರದಲ್ಲಿ ದಾವಣಗೆರೆ ಬಸ್ಸಿನ ಹಾರನ್ ಕೇಳಿಸಿತು. ಸಂಘಮಿತ್ರಾ ಅವನ ಪಕ್ಕದಲ್ಲಿ ಬಂದು ಕೂತಳು.

"ಈ ಗೋಡೆ ಪೂರ್ತಿ ಒಣಗಾಕೆ ಎಷ್ಟು ದಿನ ಬೇಕು?"

"ಮೂರು ದಿನ ಬೇಕ್ರಿ."

"ಸರಿ. ಮೂರು ದಿನ ಗೋಡೆ ನೋಡಾಕೆ ಬರ್ತೀನಿ."

"ನಾಲ್ಕನೇ ದಿನ?"

"ನಾಲ್ಕನೇ ದಿನ ಗೋಡೆ ಒಣಗಿರ್ತೈತಲ್ಲ..." ಅವಳು ಬಸ್ಸಿನ ಕಡೆ ನೋಡುತ್ತ ಹೇಳಿದಳು. "ನಿಮ್ಮನ್ನೇ ನೋಡಾಕೆ ಬರ್ಬೇಕು."