ಸ್ಟೆಪ್ನಿಯ ಬೀಗ

ಢಬ್!

ಲಾರಿ ಎಡಕ್ಕೆ ವಾಲಿ, ರಸ್ತೆ ಬಿಟ್ಟು, ಹೊಲದ ಬದುವಿಗೆ ಮುಗ್ಗರಿಸಿ ನಿಂತಿತು. ಹಿಂದೆ ಹುಲ್ಲಿನ ಮೇಲೆ ಮಲಗಿದ್ದ ಅಕ್ಕ ಗುರುಶಾಂತಮ್ಮ ಕಿರುಚಿದ ದನಿಗೆ ಮುಂದೆ ಕೂತಿದ್ದ ಮಲ್ಲಿಕಾಂಬಳ ಎದೆ ಝಲ್ಲೆಂದಿತು.

"ಏನಾಯ್ತು?"

ಲಾರಿ ಓಡಿಸುತ್ತಿದ್ದ ರೇವಣಪ್ಪನ ಜೊತೆ ಅವಳು ಹೋದ ಸುಗ್ಗಿಯಿಂದಲೇ ಮಾತು ಬಿಟ್ಟಿದ್ದಳು. ಇವತ್ತು ಅವನನ್ನು ಕರೆಸಿದ್ದೂ ಸೂಲಗಿತ್ತಿ ಹಾಲಮ್ಮನ ಕೈಲಿ ಹೇಳಿಕಳಿಸಿ!

ಅವನು ಕೆಳಗಿಳಿದು ನೋಡಿದ.

"ಮುಂದಿನ ಟಯರ್ ಹೋಯ್ತು, ಅಮ್ಮೋರೆ."

ಅಮ್ಮೋರೆ! ಮಲ್ಲಿ, ಮಲ್ಲಿ ಎಂದು ಬಾಯಿತುಂಬ ಕರೆಯುತ್ತಿದ್ದವನು...

"ಬೇಗ ಬದಲಾಯಿಸಿ! ಮಗು ಕಾಲು ಮುಂದಾಗಿದೆಯಂತೆ. ತರೀಕೆರೆ ಆಸ್ಪತ್ರೆ ಮುಟ್ಟದಿದ್ರೆ ಇಬ್ಬರೂ ಉಳಿಯಲ್ಲ ಅಂತಾಳೆ ಹಾಲಮ್ಮ!"

ಅವನು ಕದಲಲಿಲ್ಲ. "ಸ್ಟೆಪ್ನಿಗೆ ಬೀಗ ಐತೆ. ಕೀ ಎಲ್ಲಿ?"



ಕೀ ಅಪ್ಪಯ್ಯನ ಉಡಿದಾರದಲ್ಲಿತ್ತು. ಅಪ್ಪಯ್ಯ ಬೆಳಗಿನ ರೈಲಿಗೆ ಕಡೂರಿಗೆ ಹೋಗಿದ್ದರು.

ಅಪ್ಪಯ್ಯ, ಅಜ್ಜಂಪುರದ ಈರುಳ್ಳಿ ಮಂಡಿಯ ಷಣ್ಮುಖಪ್ಪನವರು, ಈರುಳ್ಳಿಯನ್ನು ನಂಬಿದಷ್ಟು ಮನುಷ್ಯರನ್ನು ನಂಬಿದವರಲ್ಲ. ಹೋದ ವರ್ಷ ಅವರ ಲಾರಿಯ ಹೊಸ ಸ್ಟೆಪ್ನಿ ಕಳುವಾಯಿತು. ಬೀಗ ಒಡೆದಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ಆಗ ಡ್ರೈವರಾಗಿದ್ದ ರೇವಣಪ್ಪ, ತನ್ನ ಕೀ ಕಡೂರಿನ ಗೂಡ್ಸ್ ಶೆಡ್ಡಿನಲ್ಲಿ ಎಲ್ಲೋ ಬಿದ್ದುಹೋಯಿತು, ಯಾರಿಗೋ ಸಿಕ್ಕಿರಬೇಕು ಎಂದ. "ಇವನಿಗೆ ಕೀ ಯಾಕೆ? ತಂತಿ ತೂರಿಸಿದ್ರೆ ಎಂಥಾ ಬೀಗಾನೂ ತೆಗೀತಾನೆ ಕಳ್ಳ!" ಎಂದು ಷಣ್ಮುಖಪ್ಪ ನಡುಬೀದಿಯಲ್ಲಿ ಮಾನ ಕಳೆದು ಓಡಿಸಿದರು. ಅಂದಿನಿಂದ ಹೊಸ ಬೀಗ, ಒಂದೇ ಕೀ, ಅದೂ ಸ್ನಾನಕ್ಕೂ ಬಿಚ್ಚದ ಉಡಿದಾರದಲ್ಲಿ!

ಮಲ್ಲಿಕಾಂಬ ಅಪ್ಪನ ಮಾತನ್ನೇ ನಂಬಿದಳು. ಅವನು ತಂದುಕೊಟ್ಟಿದ್ದ ಬಳೆಗಳನ್ನು ಬಿಚ್ಚಿ ವಾಪಸು ಕಳಿಸಿದಳು. ಒಂದು ಮಾತು ಅವನನ್ನು ಕೇಳಲಿಲ್ಲ.

ಇವತ್ತು ಹೊಸ ಡ್ರೈವರ್ ರಜೆಯ ಮೇಲೆ ಊರಿಗೆ ಹೋಗಿದ್ದ. ಅಕ್ಕನಿಗೆ ನೋವು ಶುರುವಾಯಿತು. ಲಾರಿ ಓಡಿಸಬಲ್ಲವನು ಊರಲ್ಲಿ ಇನ್ನೊಬ್ಬನೇ ಇದ್ದ. ಸುದ್ದಿ ಮುಟ್ಟಿದ್ದೇ ತಡ, ಏನು ಎತ್ತ ಎಂದು ಕೇಳದೆ ಓಡಿಬಂದಿದ್ದ!

ರಸ್ತೆಯ ಎರಡೂ ಕಡೆ ಕಣ್ಣಿಗೆ ಕಾಣುವಷ್ಟು ದೂರ ಒಂದು ಗಾಡಿಯಿಲ್ಲ. ಮಧ್ಯಾಹ್ನದ ಬಸ್ಸು ಆಗಲೇ ಹೋಗಿತ್ತು.

ಇಬ್ಬರೂ ಲಾರಿಯ ಹಿಂಭಾಗದ ಅಡಿಗೆ ತೂರಿದರು. ದಪ್ಪ ಸರಪಳಿಯಲ್ಲಿ ಸ್ಟೆಪ್ನಿ ನೇತಾಡುತ್ತಿತ್ತು. ಸರಪಳಿಗೆ ಅಂಗೈಯಗಲದ ಬೀಗ. ರೇವಣಪ್ಪ ಕಲ್ಲು ತಂದು ಕುಟ್ಟಿದ. ಕಲ್ಲೇ ಒಡೆಯಿತು. ಟಯರ್ ಬಿಚ್ಚುವ ಕಬ್ಬಿಣದ ಪಟ್ಟಿ ತೂರಿಸಿ ಮೀಟಿದ. ಪಟ್ಟಿ ಬಾಗಿತು, ಬೀಗ ಜಪ್ಪಯ್ಯ ಎನ್ನಲಿಲ್ಲ.

ತಲೆಯ ಮೇಲೆಯೇ, ಹಲಗೆಗಳ ಆಚೆ, ಅಕ್ಕ ನರಳುತ್ತಿದ್ದಳು. "ಬೇಗ ಕಣ್ರಪ್ಪೋ! ಕೂಸು ನಿಲ್ಲಂಗಿಲ್ಲ!" ಎಂದು ಹಾಲಮ್ಮ ಕೂಗಿದಳು.

ಮಲ್ಲಿಕಾಂಬಳಿಗೆ ತಡೆಯಲಾಗಲಿಲ್ಲ. ಮುಡಿಗೆ ಕೈ ಹಾಕಿ ಹೇರ್‌ಪಿನ್ ಕಿತ್ತು ಅವನ ಮುಂದೆ ಹಿಡಿದಳು. ತುರುಬು ಬಿಚ್ಚಿ ಬೆನ್ನಿಗೆ ಬಿತ್ತು.

"ತಗೊಳ್ಳಿ! ಆವತ್ತು ತೆಗೆದ ಹಾಗೇ ತೆಗೀರಿ! ನಾನು ಯಾರಿಗೂ ಹೇಳಲ್ಲ. ನನ್ನ ಅಕ್ಕನ ಆಣೆ... ಅಪ್ಪಯ್ಯಂಗೂ ಹೇಳಲ್ಲ!"

ರೇವಣಪ್ಪ ಅವಳ ಮುಖವನ್ನೇ ನೋಡಿದ. ಬೈಯಲಿಲ್ಲ. ಪಿನ್ನು ತೆಗೆದುಕೊಂಡು ಬೀಗದ ತೂತಿಗೆ ಹಾಕಿದ. ತಿರುಗಿಸಿದ, ಒತ್ತಿದ, ಹಿಂದೆ ಎಳೆದ. ಎಲ್ಲಿ ಒತ್ತಬೇಕು, ಯಾವ ಕಡೆ ತಿರುಗಿಸಬೇಕು, ಒಂದೂ ತಿಳಿಯದೆ ಅವನ ಬೆರಳುಗಳು ತಡಕಾಡುತ್ತಿದ್ದವು. ಪಿನ್ನು ಸೊಟ್ಟಗಾಯಿತು.

"ಬರಲ್ಲ ಅಮ್ಮೋರೆ..." ಅವನ ಕಣ್ಣಲ್ಲಿ ನೀರಿತ್ತು. "ಬರೋದಾಗಿದ್ರೆ ಅಕ್ಕೋರು ಹಿಂಗೆ ಒದ್ದಾಡ್ತಿರೋವಾಗ ಕಲ್ಲು ಹಿಡ್ಕೊಂಡು ಕುಟ್ತಾ ಕೂರ್ತಿದ್ನಾ?"

ಮಲ್ಲಿಕಾಂಬ ಆ ಸೊಟ್ಟ ಪಿನ್ನನ್ನೇ ನೋಡಿದಳು.

ಬರುವುದಿಲ್ಲ... ಅವನಿಗೆ ಬರುವುದೇ ಇಲ್ಲ! ಅಯ್ಯೋ ಶಿವನೇ, ನಾನೇನು ಮಾಡಿಬಿಟ್ಟೆ!

"ರೇವಣಪ್ಪ... ನಾನು ನಿಮ್ಮನ್ನ..."

"ಈಗ ಬ್ಯಾಡಿ. ಜಾಕಿ ತರ್ತೀನಿ."

ಜಾಕಿಯನ್ನು ಅವನು ನೆಲಕ್ಕೆ ಇಡಲಿಲ್ಲ. ಲಾರಿಯ ಅಡಿತೊಲೆಗೂ ಸ್ಟೆಪ್ನಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಸಿ ತಿರುಗಿಸತೊಡಗಿದ. ಗಾಲಿ ಕೆಳಕ್ಕೆ ಒತ್ತಿತು, ಸರಪಳಿ ಬಿಗಿದು ಕಿರುಗುಟ್ಟಿತು. ಇನ್ನೇನು ಎನ್ನುವಾಗ ಜಾಕಿ ಜಾರಿತು. ಅವನ ಅಂಗೈ ಸರಪಳಿಗೆ ಸಿಕ್ಕಿ ಸೀಳಿಹೋಯಿತು.

ಅವಳು ಸೆರಗು ಹರಿದು ಬಿಗಿಯಾಗಿ ಸುತ್ತಿದಳು. "ನೀವು ತಿರುಗಿಸಿ. ಜಾಕಿ ನಾನು ಹಿಡ್ಕೋತೀನಿ."

"ಹುಚ್ಚಾ? ಜಾರಿದ್ರೆ ನಿಮ್ಮ ಕೈ ಹೋಗುತ್ತೆ!"

"ಹೋಗ್ಲಿ! ತಿರುಗಿಸಿ ಅಂದ್ನಲ್ಲ!"

ತಿರುಗಿಸಿದ. ಅವಳು ಹಲ್ಲು ಕಚ್ಚಿ ಹಿಡಿದಳು. ಅವನ ಬೆವರು, ಅವಳ ಕಣ್ಣೀರು, ಗ್ರೀಸು, ಎಲ್ಲಾ ಒಂದಾಯಿತು. ಮೇಲೆ ಅಕ್ಕನ ನರಳಾಟ ಇದ್ದಕ್ಕಿದ್ದಂತೆ ನಿಂತಿತು. ಆ ಸದ್ದಿಲ್ಲದ ಗಳಿಗೆಯಲ್ಲಿ ಆದಷ್ಟು ಭಯ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

"ಅಕ್ಕಾ! ಅಕ್ಕಾ, ಮಾತಾಡೇ!"

ಟಣ್!

ಬೀಗದ ಬಳೆ ಮುರಿದು ಸ್ಟೆಪ್ನಿ ದೊಪ್ಪನೆ ನೆಲಕ್ಕೆ ಬಿತ್ತು. ಮೇಲಿನಿಂದ ಅಕ್ಕ ಮತ್ತೆ ನರಳಿದಳು. ನರಳಾಟ ಕೇಳಿ ಅಷ್ಟು ಸಂತೋಷಪಟ್ಟ ತಂಗಿ ಇನ್ನೊಬ್ಬಳು ಇರಲಿಕ್ಕಿಲ್ಲ!

ಗಾಲಿ ಬದಲಾಯಿಸಿ ತರೀಕೆರೆ ಮುಟ್ಟುವಾಗ ಹೊತ್ತು ಇಳಿದಿತ್ತು. ಲೇಡಿ ಡಾಕ್ಟರು ಬಾಗಿಲು ಹಾಕಿಕೊಂಡರು. ಜಗಲಿಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಅವಳು. ಒಳಗಿನಿಂದ ಸಣ್ಣ ಅಳು ಕೇಳಿದಾಗ ಇಬ್ಬರೂ ಒಟ್ಟಿಗೇ ಎದ್ದುನಿಂತರು.

"ಹೆಣ್ಣು ಮಗು. ತಾಯೀನೂ ಚೆನ್ನಾಗಿದ್ದಾಳೆ," ಎಂದು ಹಾಲಮ್ಮ ಹೊರಗೆ ಬಂದು ಗೋಡೆಗೊರಗಿ ಕೂತುಬಿಟ್ಟಳು.

ಷಣ್ಮುಖಪ್ಪ ಬಂದದ್ದು ಮಾರನೇ ದಿನ ಬೆಳಿಗ್ಗೆ. ಮೊಮ್ಮಗಳ ಮುಖ ನೋಡಿದರು, ಕಣ್ಣೊರೆಸಿಕೊಂಡರು. ಆಮೇಲೆ, ಅಭ್ಯಾಸ ಎಲ್ಲಿ ಹೋಗುತ್ತದೆ, ಲಾರಿಯ ಅಡಿಗೆ ಬಗ್ಗಿ ನೋಡಿದರು.

"ಬೀಗ ಮುರಿದೋನು ಯಾವನು?"

"ನಾವಿಬ್ಬರೂ ಅಪ್ಪಯ್ಯ." ಮಲ್ಲಿಕಾಂಬ ಹೋಗಿ ಎಲ್ಲರೆದುರಿಗೆ ರೇವಣಪ್ಪನ ಕೈ ಹಿಡಿದಳು. ಬಟ್ಟೆ ಸರಿಸಿ ಅಂಗೈ ತೋರಿಸಿದಳು. "ನೋಡಿ. ತಂತಿ ಹಾಕಿ ಬೀಗ ತೆಗೆಯೋ ಕಳ್ಳನ ಕೈ ಹಿಂಗಿರುತ್ತಾ? ಆವತ್ತು ನಾವಿಬ್ಬರೂ ಇವರಿಗೆ ಅನ್ಯಾಯ ಮಾಡಿದ್ವಿ. ನಾನಂತೂ ಇನ್ನು ಈ ಕೈ ಬಿಡಲ್ಲ!"

ಷಣ್ಮುಖಪ್ಪ ಆ ಗಾಯವನ್ನೇ ನೋಡುತ್ತಾ ನಿಂತರು. ಆಮೇಲೆ ಉಡಿದಾರದಿಂದ ಕೀ ಬಿಚ್ಚಿದರು. ಬೀಗವೇ ಇಲ್ಲದ ಕೀ! ಅದನ್ನು ಏನು ಮಾಡಬೇಕೆಂದು ತೋಚದೆ ಪಕ್ಕದ ಬೇಲಿಯಾಚೆ ಎಸೆದರು.

"ರೇವಣ್ಣ... ತಪ್ಪಾಯ್ತಪ್ಪ. ಬಾಣಂತೀನ ನೀನೇ ಹುಷಾರಾಗಿ ಮನೆ ಮುಟ್ಟಿಸು. ಮಿಕ್ಕಿದ್ದು ಮನೇಲಿ ಕೂತು ಮಾತಾಡಾನ," ಎಂದು ಒಳಗೆ ಹೋದರು.

ರೇವಣಪ್ಪ ಜೇಬಿನಿಂದ ಸೊಟ್ಟ ಹೇರ್‌ಪಿನ್ ತೆಗೆದ.

"ನಿಮ್ದು... ಹಾಳು ಮಾಡಿಬಿಟ್ಟೆ, ಅಮ್ಮೋರೆ."

"ಯಾರು ಅಮ್ಮೋರು?" ಅವಳು ಪಿನ್ನು ತೆಗೆದುಕೊಳ್ಳಲಿಲ್ಲ. "ಮೊದಲಿನ ಹಾಗೆ ಕರೆಯೋಕೆ... ಇನ್ನೂ ಕೋಪಾನಾ?"

ಅವನು ತಲೆ ಅಲ್ಲಾಡಿಸಿದ.

"...ಮಲ್ಲಿ."

ಅವಳು ಬೆನ್ನು ತಿರುಗಿಸಿ, ನಿನ್ನೆಯಿಂದ ಬಿಚ್ಚಿಕೊಂಡೇ ಇದ್ದ ತುರುಬನ್ನು ಎತ್ತಿ ಹಿಡಿದಳು.

"ಸಿಕ್ಕಿಸಿ."

"ಸೊಟ್ಟಗೈತೆ ಕಣೇ. ನಿಲ್ಲಲ್ಲ."

"ನಿಲ್ಲುತ್ತೆ... ನೀವು ಸಿಕ್ಕಿಸಿ."