ಮೊಟ್ಟೆಮನೆಯಲ್ಲಿ ಮಾತು

ಮರಿ ಚಿಪ್ಪೊಡೆದು ಹೊರಬಂದಾಗ ಮಿರೇನ ಮೂರು ಸಲ ಕರೆದಳು. ಅದು ತಿರುಗಿಯೂ ನೋಡಲಿಲ್ಲ. ಒದ್ದೆ ರೆಕ್ಕೆಗಳನ್ನು ಎಳೆದುಕೊಂಡು ನೆಟ್ಟಗೆ ಅಂಗಳಕ್ಕೆ ಹೋಗಿ, ಮೊಟ್ಟೆಯ ಕಾವಿಗೆಂದು ಬೆಂಕಿಗುಡ್ಡದಿಂದ ದಿನಾ ತರುವ ಬಿಸಿಬೂದಿಯ ಬುಟ್ಟಿ ಇಳಿಸುತ್ತ ಕತ್ತೆಯನ್ನು ಬೈಯುತ್ತಿದ್ದ ಓಲ್ವಿರನ ಕಾಲಿಗೆ ಬಾಲ ಸುತ್ತಿತು.

ಮಿರೇನ ಅದರ ಹಿಂದೆಯೇ ಅಂಗಳಕ್ಕೆ ಬಂದು, ನೆಲಕ್ಕೆ ಕೂತು ಕೈ ಚಾಚಿದಳು.

ಡ್ರ್ಯಾಗನ್ ಮರಿ ಮೊಟ್ಟೆಯೊಳಗೆ ಯಾರ ದನಿಯನ್ನು ಹೆಚ್ಚು ಕೇಳುತ್ತದೋ ಅವರಿಗಷ್ಟೇ ನೊಗಕ್ಕೆ ಕತ್ತು ಕೊಡುತ್ತದೆ. ಆಮೇಲೆ ಅದು ಅವರದ್ದೇ. ಅದಕ್ಕೇ ನಲವತ್ತು ದಿನ ಮೊಟ್ಟೆಮನೆಯಲ್ಲಿ ಒಡತಿಯೊಬ್ಬಳೇ ಮಾತಾಡಬೇಕು. ಮನೆಯ ಮುದಿ ಡ್ರ್ಯಾಗನ್ ಚಳಿಗಾಲದಲ್ಲಿ ಸತ್ತಿತ್ತು. ಇದ್ದದ್ದು ಇದೊಂದೇ ಮೊಟ್ಟೆ. ಅವರ ಕಲ್ಲುನೆಲವನ್ನು ಎತ್ತು ಉಳಲಾರದು.

ಮಿರೇನಳ ಸೋದರತ್ತೆ ಹಲ್ದಾ ಸೊಂಟದ ಮೇಲೆ ಕೈಯಿಟ್ಟಳು. "ಏನೋ ಬೂದಿಯವನೇ, ಒಳಗೆ ಬಾಯಿ ಬಿಟ್ಟಿದ್ಯಾ?"

"ದಿನಾ ಬಿಟ್ಟಿದ್ದೀನಮ್ಮಾ. ಮೊಟ್ಟೆ ಜೊತೆ ಮಾತ್ರ ಮಾತಾಡಬಾರದು ಅಂತ ಅಂದ್ಕೊಂಡಿದ್ದೆ. ನಾನು ಮಾತಾಡಿದ್ದು ಇವಳ ಜೊತೆ."

"ನಲವತ್ತು ದಿನ ಅದೇನಪ್ಪಾ ಅಂಥ ಪುರಾಣ?"

"ಕತ್ತೆ ಸುದ್ದಿ. ನಮ್ಮಮ್ಮ ಮಾಡೋ ಸಾರಿನ ಸುದ್ದಿ." ಅವನ ಕಿವಿ ಕೆಂಪಾಯಿತು. "ಇವಳು ನಗ್ತಿದ್ಲು. ಹೇಳ್ತಾ ಹೋದೆ."

"ನೀನೇನೇ ಮಾಡ್ತಿದ್ದೆ?"

"ಕೇಳ್ತಿದ್ದೆ," ಎಂದಳು ಮಿರೇನ.

ಓಲ್ವಿರ್ ಮರಿಯನ್ನೆತ್ತಿ ಅವಳ ಮಡಿಲಲ್ಲಿಟ್ಟ. "ನಿಮ್ಮ ಹೊಲ ಪಾಳು ಬೀಳೋದು ಬೇಡ. ಇಟ್ಕೋ." ಎರಡು ಹೆಜ್ಜೆ ಹೋಗಿದ್ದನೋ ಇಲ್ಲವೋ, ಮರಿ ಕಿರುಚಿ ಹಾರಿ ಅವನ ಹಿಂದೆ ಓಡಿತು. ಮತ್ತೆ ತಂದಿಟ್ಟ. ಮತ್ತೆ ಓಡಿತು. ಅವನ ಮುಖ ಬಾಡಿತು.

"ಬೆಂಕಿಗುಡ್ಡದವರಿಗೆ ಬುದ್ಧಿ ಎಲ್ಲಿಂದ ಬರಬೇಕು!" ಎಂದು ಅತ್ತೆ ಶುರುಮಾಡಿದಳು.

"ಅವನನ್ನ ಬೈಬೇಡಿ ಅತ್ತೆ." ಮಿರೇನ ಎದ್ದು ನಿಂತಳು. "ನಾನು ತುಟಿ ಮೇಲೆ ಒಂದು ಬೆರಳಿಟ್ಟಿದ್ರೆ ಸಾಕಿತ್ತು. ಇಡ್ಲಿಲ್ಲ."

"ಯಾಕೆ?" ಕೇಳಿದ್ದು ಅತ್ತೆಯಲ್ಲ, ಓಲ್ವಿರ್.

"ನೀನು ಸುಮ್ಮನಾಗಿದ್ರೆ ಬೂದಿ ಸುರಿದು ಹೊರಟುಬಿಡ್ತಿದ್ದೆ."

ಅವನು ಕಣ್ಣೆತ್ತಿ ಅವಳನ್ನೇ ನೋಡಿದ. ಬೂದಿ ಮೆತ್ತಿದ ರೆಪ್ಪೆಗಳ ನಡುವೆ ಆ ಕಣ್ಣು ಇಷ್ಟು ಕಂದು ಎಂದು ಮೊಟ್ಟೆಮನೆಯ ಮಬ್ಬಿನಲ್ಲಿ ಅವಳಿಗೆ ತಿಳಿದಿರಲಿಲ್ಲ. ಅತ್ತೆ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಪಾತ್ರೆ ನೆನಪಾಗಿ ಒಳಗೆ ಹೋದಳು.

"ಮರಿ ದೊಡ್ಡದಾದ್ಮೇಲೆ ನಾನೇ ಬಂದು ಉತ್ತುಕೊಡ್ತೀನಿ," ಎಂದ ಓಲ್ವಿರ್. "ಉಳೋಕೆ ಎಷ್ಟು ದಿನ ಹಿಡಿಯುತ್ತೆ?"

"ವರ್ಷಕ್ಕೆ ಮೂರು ತಿಂಗಳು."

"ಉಳಿದ ಒಂಬತ್ತು ತಿಂಗಳು ಏನು ಮಾಡ್ಲಿ?"

ಮಿರೇನ ಅವನ ತೋಳಿನ ಬೂದಿಯನ್ನು ಸೆರಗಿನಿಂದ ಒರೆಸಿದಳು.

"ಇಲ್ಲೇ ಮಾತಾಡ್ತಾ ಇರು."